ರೂಟರ್‌ಗೆ 12 ವೋಲ್ಟ್ ಮಿನಿ ಯುಪಿಎಸ್: ಕೊಳ್ಳಿ, ಆದರೆ ಎಂಎಎಚ್ ನೋಡಿ ಅಲ್ಲ

ಕರೆಂಟ್ ಹೋದರೂ ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಲ್ಲಿ ಓಡುತ್ತಿರುತ್ತದೆ, ಆರುವುದು ರೂಟರ್. ಇದಕ್ಕೆ ಅಂಗೈಯಗಲದ ಮಿನಿ ಯುಪಿಎಸ್ ತಕ್ಕ ಮದ್ದು. ಡೆಸ್ಕ್‌ಟಾಪ್‌ಗೆ ಇಡುವ ದೊಡ್ಡ ಯುಪಿಎಸ್ ಬ್ಯಾಟರಿಯ ಡಿಸಿಯನ್ನು ಎಸಿ ಮಾಡುತ್ತದೆ, ರೂಟರ್‌ನ ಅಡಾಪ್ಟರ್ ಅದನ್ನು ಮತ್ತೆ ಡಿಸಿ ಮಾಡುತ್ತದೆ. ಎರಡು ಕಡೆಯೂ ಶಕ್ತಿ ಬಿಸಿಯಾಗಿ ಸೋರಿಹೋಗುತ್ತದೆ. ಮಿನಿ ಯುಪಿಎಸ್ ಅಡಾಪ್ಟರ್‌ಗೂ ರೂಟರ್‌ಗೂ ನಡುವೆ ಕೂತು ನೇರವಾಗಿ ಡಿಸಿಯನ್ನೇ ಕೊಡುತ್ತದೆ. ಒಳ್ಳೆಯ ಮಾದರಿಯಾದರೆ ಕರೆಂಟ್ ಹೋದದ್ದು ರೂಟರ್‌ಗೆ ಗೊತ್ತೇ ಆಗುವುದಿಲ್ಲ.

ಎಡವುವುದು ಸಾಮರ್ಥ್ಯದ ಲೆಕ್ಕದಲ್ಲಿ. ಡಬ್ಬಿಯ ಮೇಲಿನ 8,000 ಎಂಎಎಚ್ (ಮಿಲಿಆಂಪ್-ಅವರ್, ಅಂದರೆ 8 ಆಂಪ್-ಅವರ್) ಸಾಮಾನ್ಯವಾಗಿ ಒಳಗಿನ ಲಿಥಿಯಂ ಸೆಲ್‌ಗಳ 3.7 ವೋಲ್ಟ್‌ಗೆ ಹೇಳಿದ್ದು, 12 ವೋಲ್ಟ್‌ಗಲ್ಲ. 8ನ್ನು 3.7ರಿಂದ ಗುಣಿಸಿದರೆ 29.6 ವ್ಯಾಟ್-ಅವರ್, ಬ್ಯಾಟರಿಯಲ್ಲಿರುವ ಒಟ್ಟು ಶಕ್ತಿಯ ಅಳತೆ ಇದೇ. ವೋಲ್ಟೇಜ್ ಏರಿಸುವಾಗಿನ ನಷ್ಟ ಕಳೆದರೆ ಕೈಗೆ ಸಿಗುವುದು ಸುಮಾರು 25. ರೂಟರ್ 8 ವ್ಯಾಟ್ ಎಳೆದರೆ ಮೂರು ಗಂಟೆ. ಫೈಬರ್ ಸಂಪರ್ಕದ ಓಎನ್‌ಟಿ (ಫೈಬರ್‌ನ ಬೆಳಕಿನ ಸಂಕೇತವನ್ನು ರೂಟರ್‌ಗೆ ಬದಲಿಸಿ ಕೊಡುವ ಸಾಧನ) ಬೇರೆ ಪೆಟ್ಟಿಗೆಯಾಗಿದ್ದರೆ ಅದಕ್ಕೂ ಬ್ಯಾಕಪ್ ಬೇಕೇ ಬೇಕು. ರೂಟರ್ ಜೊತೆ ಅದೂ 5 ವ್ಯಾಟ್ ಎಳೆದರೆ ಎರಡು ಗಂಟೆಯೂ ಬರುವುದಿಲ್ಲ. ಹಾಗಾಗಿ ವ್ಯಾಟ್-ಅವರ್ ಮುದ್ರಿಸದ ಮಾದರಿಯನ್ನು ದೂರವಿಡಿ.

ಇನ್ನೊಂದು ಕೊರತೆ ಡಬ್ಬಿ ನೋಡಿದರೆ ತಿಳಿಯದು. ಕೆಲವು ಅಗ್ಗದ ಮಾದರಿಗಳಲ್ಲಿ ಮೂರು ಸೆಲ್‌ಗಳನ್ನು ಸಾಲಾಗಿ ಜೋಡಿಸಿ ನೇರವಾಗಿ ಹೊರಗೆ ಬಿಟ್ಟಿರುತ್ತಾರೆ. ತುಂಬಿದಾಗ 12.6 ವೋಲ್ಟ್ ಇರುವುದು ಬಳಸುತ್ತ ಬಳಸುತ್ತ 10ಕ್ಕಿಂತ ಕೆಳಗಿಳಿಯುತ್ತದೆ. ಬ್ಯಾಟರಿಯಲ್ಲಿ ಇನ್ನೂ ಚಾರ್ಜ್ ಇರುವಾಗಲೇ ರೂಟರ್ ಪದೇ ಪದೇ ರೀಸ್ಟಾರ್ಟ್ ಆಗಲು ಶುರುವಾಗುತ್ತದೆ. ಪರೀಕ್ಷೆ ಸುಲಭ: ಪೂರ್ತಿ ಚಾರ್ಜ್ ಮಾಡಿ, ರೂಟರ್ ಜೋಡಿಸಿ, ಅಡಾಪ್ಟರನ್ನು ಗೋಡೆಯಿಂದ ಕಿತ್ತು, ಲೆಕ್ಕ ಹಾಕಿದ ಸಮಯದ ಮುಕ್ಕಾಲು ಪಾಲು ಬಿಡಿ. ನಂತರ ರೂಟರ್‌ನಿಂದ ಪಿನ್ ಕಳಚಿದ ಕೂಡಲೇ ಅದರ ವೋಲ್ಟೇಜನ್ನು ಮಲ್ಟಿಮೀಟರ್‌ನಲ್ಲಿ ಅಳೆಯಿರಿ. 11.4ರಿಂದ 12.6ರೊಳಗಿದ್ದರೆ ಸರಿ, ಅದಕ್ಕಿಂತ ಕಡಿಮೆ ಇದ್ದರೆ ವಾಪಸ್ ಮಾಡಿ.

ಪಿನ್ ವಿಷಯದಲ್ಲಿ ಅವಸರ ಬೇಡ. ಹೊರಗಿನ ಅಳತೆ 5.5 ಮಿ.ಮೀ. ಒಂದೇ ಆದರೂ ನಡುವಿನ ತೂತು 2.1 ಇರಬಹುದು, 2.5 ಇರಬಹುದು. 2.5ರ ಪಿನ್ 2.1ರ ಜ್ಯಾಕ್‌ಗೆ ಹೋಗುತ್ತದೆ, ಆದರೆ ಸಡಿಲ. ವೈರ್ ಅಲುಗಿದರೆ ರೂಟರ್ ಆರುತ್ತದೆ, ದೂರು ಮಾತ್ರ ಬ್ಯಾಟರಿಯ ಮೇಲೆ. ಪ್ಲಸ್ ಒಳಗಿದೆಯೇ ಹೊರಗಿದೆಯೇ ಎಂಬ ಗುರುತು ಎರಡೂ ಕಡೆ ಒಂದೇ ಇರಲಿ. 9 ವೋಲ್ಟ್ ರೂಟರ್‌ಗೆ 12 ವೋಲ್ಟ್ ಕೊಟ್ಟರೆ ಸುಟ್ಟುಹೋಗಬಹುದು.

ಅಡಾಪ್ಟರ್ ಬಗ್ಗೆ ಚಿಕ್ಕ ಮಾತು: ರೂಟರ್ ಜೊತೆ ಬಂದ 1 ಆಂಪ್‌ನದು ರೂಟರನ್ನೂ ನಡೆಸಿ ಬ್ಯಾಟರಿಯನ್ನೂ ತುಂಬಲು ಹೆಣಗುತ್ತದೆ. 12 ವೋಲ್ಟ್ 2 ಆಂಪ್‌ನದು ಹಾಕಿ, ಯುಪಿಎಸ್‌ನ ಇನ್‌ಪುಟ್ ಅದನ್ನು ಒಪ್ಪುತ್ತದೆಯೇ ಎಂದು ನೋಡಿಕೊಂಡು.

ರೂಟರ್ ಬೆನ್ನ ಮೇಲೆ ಇದನ್ನು ಇಡಬೇಡಿ. ಸದಾ ತುಂಬಿರುವ ಲಿಥಿಯಂ ಸೆಲ್‌ಗೆ ಬಿಸಿಯೇ ದೊಡ್ಡ ಶತ್ರು. ಮೂರು ತಿಂಗಳಿಗೊಮ್ಮೆ ಪ್ಲಗ್ ಕಿತ್ತು ಎಷ್ಟು ಹೊತ್ತು ನಡೆಯುತ್ತದೆ ನೋಡಿ. ಮೊದಲಿನ ಅರ್ಧಕ್ಕಿಳಿದರೆ ಸೆಲ್ ಮುಗಿಯಿತು. ಕವಚ ಉಬ್ಬಿದ್ದರೆ ಕೂಡಲೇ ಕಳಚಿ, ಚುಚ್ಚದೆ ಬಿಚ್ಚದೆ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.