ಬೀದಿ ಸದ್ದಿಗೆ ಎರಡು ಕಿಟಕಿ: ಗೆದ್ದದ್ದು ಹಳೇದೇ

ಬಸವನಗುಡಿಯ ಅಜ್ಜನ ಮನೆಯ ರಿಪೇರಿಗೆ ಕೈ ಹಾಕಿದಾಗ ಬೀದಿ ಬದಿಯ ರೂಮಿನ ತೇಗದ ಕಿಟಕಿ ಕೀಳಿಸಿ, ಎರಡು ಪದರ ಗಾಜಿನ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನ) ಕಿಟಕಿ ಹಾಕಿಸಿದೆ. ಪಕ್ಕದ ರೂಮಿಗೆ ದುಡ್ಡು ಸಾಲಲಿಲ್ಲ. ಅಲ್ಲಿ ಹಳೇ ಕಿಟಕಿ ಹಾಗೇ ಇಟ್ಟು, ಒಳಗಡೆ ಇನ್ನೊಂದು ಗಾಜಿನ ಕಿಟಕಿಯನ್ನು ಬಡಗಿ ಕೂರಿಸಿದ. ಈಗ ನಾನು ಮಲಗುವುದು ಪಕ್ಕದ ರೂಮಿನಲ್ಲೇ.

ವಸತಿ ಪ್ರದೇಶದಲ್ಲಿ ರಾತ್ರಿ ಸದ್ದು 45 ಡೆಸಿಬಲ್ ದಾಟಬಾರದು ಅಂತ 2000ದ ನಿಯಮ. ಬುಲ್ ಟೆಂಪಲ್ ರೋಡಿಗೆ ಅದನ್ನು ಯಾರು ಹೇಳುತ್ತಾರೆ? ಒಂದೂವರೆ ಅಡಿ ದಪ್ಪದ ಸುಣ್ಣದ ಗಾರೆ ಗೋಡೆ ತನ್ನ ಕೆಲಸ ಮಾಡುತ್ತದೆ. ಸದ್ದು ನುಗ್ಗುವುದು ಕಿಟಕಿಯಿಂದ.

ಯುಪಿವಿಸಿಯಲ್ಲಿ ಕೈಕೊಟ್ಟದ್ದು ಗಾಜಲ್ಲ, ಚೌಕಟ್ಟು. ಹಳೇ ಗೋಡೆ ಮೂಲೆಮಟ್ಟಕ್ಕೆ ಎಲ್ಲಿ ಸಿಗುತ್ತದೆ? ಮೇಲೆ ಸರಿಯಾಗಿ ಕೂತರೆ ಕೆಳಗೆ ಮುಕ್ಕಾಲು ಇಂಚು ಸಂದು. ಅಳತೆಗೆ ಬಂದವರು ಟೇಪು ಹಿಡಿದದ್ದು ಮಧ್ಯದಲ್ಲಿ ಮಾತ್ರ. ಸಂದಿಗೆ ಫೋಮ್ ತುಂಬಿ, ಮೇಲೆ ಸಿಲಿಕಾನ್ ಅಂಟು ಎಳೆದು "ಆಯ್ತು ಸಾರ್" ಅಂದರು. ಊದುಬತ್ತಿ ಹಚ್ಚಿ ಅಂಚಿಗೆ ಹಿಡಿದೆ. ಹೊಗೆ ಒಳಕ್ಕೆ ಬಾಗಿತು. ಗಾಳಿ ಬರುವ ಕಡೆ ಸದ್ದೂ ಬರುತ್ತದೆ ಅಲ್ವಾ? ಕಡಲೆಕಾಯಿ ಪರಿಷೆಯಲ್ಲಿ ಒಂದೊಂದು ಪೀಪಿಯೂ ಹಾಸಿಗೆ ಪಕ್ಕದಲ್ಲೇ ಊದಿದ ಹಾಗಿತ್ತು.

ಚೌಕಟ್ಟು ಕೀಳುವಾಗ ಉದುರಿದ ಗಾರೆಯ ಜಾಗಕ್ಕೆ ಸಿಮೆಂಟ್ ಮೆತ್ತಿದ್ದರು. ಗೋಡೆಯೊಳಗಿನ ತೇವ ಹೊರಬರಲು ಸಿಮೆಂಟ್ ಬಿಡುವುದಿಲ್ಲ. ಒಂದು ಮಳೆಗಾಲಕ್ಕೇ ಬಣ್ಣ ಹಪ್ಪಳದ ಹಾಗೆ ಎದ್ದು, ಪಕ್ಕದಲ್ಲೇ ಬಿರುಕು ಬಿಟ್ಟಿತು. ಮತ್ತೆ ಸಿಲಿಕಾನ್, ಮತ್ತೆ ಊದುಬತ್ತಿ.

ಪಕ್ಕದ ರೂಮಿನಲ್ಲಿ ಬಡಗಿ ಗೋಡೆಯ ಸೊಟ್ಟಕ್ಕೆ ತಕ್ಕ ಹಾಗೆ ಮರವನ್ನೇ ಕೀಸಿದ. ಕಂಬಿ ಮುಟ್ಟಲಿಲ್ಲ, ಗಾರೆ ಉದುರಲಿಲ್ಲ. ಗೋಡೆ ದಪ್ಪ ಇದ್ದದ್ದರಿಂದ ಎರಡು ಕಿಟಕಿ ನಡುವೆ 100 ಮಿ.ಮೀ. ಜಾಗ ಸಿಕ್ಕಿತು. ಒಳಗಿನದಕ್ಕೆ ಲ್ಯಾಮಿನೇಟೆಡ್ ಗಾಜು (ಎರಡು ಹಾಳೆ ನಡುವೆ ಪ್ಲಾಸ್ಟಿಕ್ ಪದರ ಅಂಟಿಸಿದ್ದು), ಸುತ್ತ ರಬ್ಬರ್ ಪಟ್ಟಿ. ಯುಪಿವಿಸಿಯ ಎರಡು ಗಾಜಿನ ನಡುವೆ ಇರುವುದು 12 ಮಿ.ಮೀ. ಅಷ್ಟೇ. ಬಸ್ಸಿನ ಗುರ್ ಸದ್ದು ಅದಕ್ಕೆ ಜಗ್ಗುವುದಿಲ್ಲ. ಮೇಲಿನ ವೆಂಟಿಲೇಟರಿಗೂ ಗಾಜು ಹಾಕಿಸಿ. ನಾನು ಮೊದಲು ಮರೆತಿದ್ದೆ.

ದಪ್ಪ ಪರದೆ? ರೂಮಿನೊಳಗಿನ ಗುಂಯ್ ಕಮ್ಮಿ ಆಯಿತು, ಹಾರ್ನ್ ಅಲ್ಲ.

ಬೆಳಿಗ್ಗೆ ಎರಡೆರಡು ಕಿಟಕಿ ತೆಗೆಯಬೇಕು, ನಡುವಿನ ಧೂಳು ಒರೆಸಬೇಕು. ಸೆಖೆಗೆ ಫ್ಯಾನ್ ಜಾಸ್ತಿ ಓಡುತ್ತದೆ. ನನಗೆ ಐದೂವರೆಗೆ ಎದ್ದು ಕಿಟಕಿ ತೆಗೆಯುವ ಅಭ್ಯಾಸ, ಅದೇನು ಭಾರ ಅನಿಸಿಲ್ಲ. ಖರ್ಚು ಯುಪಿವಿಸಿಯ ಅರ್ಧ.

ಕಿತ್ತ ತೇಗದ ಕಿಟಕಿ ತಾರಸಿಯಲ್ಲಿ ಟಾರ್ಪಾಲಿನ್ ಕೆಳಗಿದೆ. ಗುಜರಿಯವನು ಎರಡು ಸಲ ಕೇಳಿದ, ಕೊಟ್ಟಿಲ್ಲ. ಕೈಯಲ್ಲಿ ದುಡ್ಡು ಓಡಾಡಿದ ಮೇಲೆ ಅದನ್ನೇ ವಾಪಸ್ ಕೂರಿಸಲು ಬಡಗಿಗೆ ಹೇಳಿಟ್ಟಿದ್ದೇನೆ.