ಗಮಕ ವಾಚನದ ಧ್ವನಿಮುದ್ರಣಕ್ಕೆ ರೀಪರ್

ಶಿವಮೊಗ್ಗದ ಸಮೀಪದ ಹೊಸಹಳ್ಳಿಯು ಕಾವ್ಯವನ್ನು ರಾಗವಾಗಿ ಓದುವ ಗಮಕ ಕಲೆಗೆ ಹೆಸರಾದ ಊರು. ಅಲ್ಲಿ ವಾಚನ ಕೇಳಿ ಬಂದ ಮೇಲೆ, ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಅತ್ತೆಯವರು ಹಾಡುವ ಪದ್ಯಗಳನ್ನಾದರೂ ಚೆನ್ನಾಗಿ ಮುದ್ರಿಸಿಡಬೇಕೆನಿಸಿ, ನಾನು ರೀಪರ್ ಎಂಬ ಈ ಧ್ವನಿಮುದ್ರಣ ತಂತ್ರಾಂಶವನ್ನು ಕಲಿಯಲು ಕುಳಿತೆ. ಗ್ಯಾರೇಜ್‌ಬ್ಯಾಂಡ್ ಎಂಬ ಇಂಥದೇ ತಂತ್ರಾಂಶ ಆಪಲ್ ಯಂತ್ರಗಳಲ್ಲಿ ಮಾತ್ರ ನಡೆಯುತ್ತದೆ. ಮುದ್ರಿಸಿ ಕತ್ತರಿಸುವುದಷ್ಟೇ ಸಾಕೆನ್ನುವವರಿಗೆ ಉಚಿತವಾದ ಆಡಾಸಿಟಿಯೇ ಸಾಕು. ಶ್ರುತಿ, ಹಾಡು, ಮೃದಂಗ ಎಲ್ಲವನ್ನೂ ಬೇರೆಬೇರೆ ಟ್ರ್ಯಾಕುಗಳಲ್ಲಿ, ಎಂದರೆ ಧ್ವನಿಯ ಪ್ರತ್ಯೇಕ ಸಾಲುಗಳಲ್ಲಿ, ಇಟ್ಟು ಮುಂದೆ ತಿದ್ದಬೇಕೆಂಬ ಆಸೆಯಿದ್ದ ನನಗೆ ರೀಪರ್ ಒದಗಿತು. ಹಾಡು ನುಡಿಸುವ ತಂತ್ರಾಂಶ ವಿನ್ಯಾಂಪ್ ಅನ್ನು ರೂಪಿಸಿದ ಜಸ್ಟಿನ್ ಫ್ರಾಂಕೆಲ್ ಅವರ ಕಾಕೋಸ್ ಸಂಸ್ಥೆಯದು ಇದು. ನೆಟ್‌ವರ್ಕ್ ಬಂದುಹೋಗುವ ನಮ್ಮ ಕಡೆಗೆ ಇದರ ಪುಟ್ಟ ಗಾತ್ರವೇ ದೊಡ್ಡ ಉಪಕಾರ. ಹಳೆಯ ಲ್ಯಾಪ್‌ಟಾಪಿನಲ್ಲೂ ತಡವರಿಸದೆ ನಡೆಯುತ್ತದೆ.

ತೆರೆದ ಕೂಡಲೇ ಕಾಣುವುದು ಬರಿದಾದ ಪರದೆ ಮತ್ತು ಉದ್ದುದ್ದ ಮೆನುಗಳು. ಹೊಸಬರು ಅವನ್ನೆಲ್ಲ ತಡಕದೆ, ಒಂದು ಟ್ರ್ಯಾಕ್ ಸೇರಿಸಿ, ಕೆಂಪು ಗುಂಡಿ ಒತ್ತಿ, ಏರುದನಿಯೂ ದನಿಯ ಮಟ್ಟ ತೋರುವ ಪಟ್ಟಿಯಲ್ಲಿ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲೇ ನಿಲ್ಲುವಂತೆ ಮುದ್ರಿಸುವುದನ್ನು ಮೊದಲು ರೂಢಿಸಿಕೊಳ್ಳಬೇಕು. ಫ್ಯಾನಿನ ಏಕತಾನದ ಸದ್ದನ್ನು ಇದರೊಳಗಿನ ರಿಯಾಫರ್ ಎಂಬ ಉಪಕರಣ ಬಹುಮಟ್ಟಿಗೆ ಕಳೆಯುತ್ತದೆ. ಆದರೆ ತಗಡಿನ ಮಾಡಿನ ಮೇಲೆ ಬೀಳುವ ಆಷಾಢದ ಮಳೆಯನ್ನು ಕಳೆಯಹೊರಟಾಗ ದನಿಯ ಜೀವವೂ ಅದರೊಡನೆ ಹೋಯಿತು. ಮಳೆ ಬಿಡುವುದನ್ನು ಕಾಯುವುದೇ ಸರಿಯೆಂದು ಕಲಿತೆ. ಕರೆಂಟು ಹೋಗುವ ಊರಿನವರು ತಾನಾಗಿ ಉಳಿಸಿಕೊಳ್ಳುವ ಸೌಲಭ್ಯವನ್ನು ಮೊದಲ ದಿನವೇ ಹೊಂದಿಸಿಕೊಳ್ಳಬೇಕು.

ನಮ್ಮ ಸಂಗೀತಕ್ಕೆ ಸಂಬಂಧಿಸಿದ ಎರಡು ವಿಷಯಗಳನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಹೊಸ ಕಡತವು ನಿಮಿಷಕ್ಕೆ 120 ಬಡಿತ, ನಾಲ್ಕರ ಎಣಿಕೆಯಲ್ಲಿ ತೆರೆದುಕೊಳ್ಳುತ್ತದೆ. ಏಳೆಣಿಕೆಯ ತಾಳವಾದ ಮಿಶ್ರಛಾಪಿಗೆ ಆ ನಾಲ್ಕನ್ನು ಏಳಕ್ಕೆ ಬದಲಿಸಬಹುದು. ತಾಳದ ಕಟ್ಟಿಲ್ಲದ ಗಮಕಕ್ಕಾದರೆ ಬಡಿತ ಎಣಿಸುವ ಮೆಟ್ರೊನೋಮನ್ನೂ, ತುಣುಕುಗಳನ್ನು ಗೆರೆಗೆ ಎಳೆಯುವ ಸ್ನ್ಯಾಪನ್ನೂ ನಿಲ್ಲಿಸಿಬಿಡುವುದೇ ಲೇಸು. ಇನ್ನು ಇದರ ರಿಯಾಟ್ಯೂನ್ ಎಂಬ ಉಪಕರಣ ಸ್ವರವನ್ನು ತಾನಾಗಿ ತಿದ್ದುವಾಗ ಹತ್ತಿರದ ಸ್ವರಸ್ಥಾನಕ್ಕೆ ಎಳೆದು ನಿಲ್ಲಿಸುತ್ತದೆ. ತೋಡಿ ರಾಗದ ಗಾಂಧಾರ ಸ್ವರ ತೂಗಾಡುವುದನ್ನು ಅದು ತಪ್ಪೆಂದು ಭಾವಿಸುವುದರಿಂದ, ಅತ್ತೆಯವರ ದನಿಗೆ ನಾನದನ್ನು ಸೋಕಿಸಲೇ ಇಲ್ಲ.

ತಂಬೂರದ ನಾದ ಇದರಲ್ಲಿಲ್ಲ. ಶ್ರುತಿಯನ್ನು ಹೊರಗಿನಿಂದ ತರಬೇಕು. ಸಿದ್ಧ ತಾಳವಾದ್ಯಗಳನ್ನು ಜೋಡಿಸಿ ಹಾಡು ಕಟ್ಟಬೇಕೆನ್ನುವವರಿಗೆ ಎಫ್‌ಎಲ್ ಸ್ಟುಡಿಯೋ ಹೆಚ್ಚು ಒಗ್ಗೀತು. ರೀಪರ್ 60 ದಿನ ಯಾವ ಕೊರತೆಯೂ ಇಲ್ಲದೆ ಪೂರ್ಣವಾಗಿ ದೊರೆಯುತ್ತದೆ. ಬಳಿಕ ವೈಯಕ್ತಿಕ ಬಳಕೆಯ ಪರವಾನಗಿಗೆ 60 ಡಾಲರ್. ನಾನು ಆ ಹಣವನ್ನು ಸಂತೋಷದಿಂದಲೇ ಕೊಟ್ಟಿದ್ದೇನೆ.