ಹಸಿರು ದೀಪ ಉರೀತಿದೆ, ಪ್ರಿಂಟ್ ಬರ್ತಿಲ್ಲ: ಕಪ್ಸ್ ಜೊತೆ ಆರು ವರ್ಷ

ನಮ್ಮ ಆಫೀಸಿನಲ್ಲಿ ಸುಮಾರು 20 ಜನ, ಮೂರು ಪ್ರಿಂಟರ್. ಎಲ್ಲರ ಪ್ರಿಂಟೂ ಮೂಲೆಯಲ್ಲಿರುವ ಒಂದು ಹಳೆ ಡೆಸ್ಕ್‌ಟಾಪ್ ಮೂಲಕವೇ ಹೋಗಬೇಕು. ಅದರಲ್ಲಿ ಲಿನಕ್ಸ್ ಇದೆ, ಪ್ರಿಂಟ್ ಸರ್ವರ್ ಆಗಿ, ಅಂದರೆ ಎಲ್ಲರ ಪ್ರಿಂಟನ್ನೂ ಸಾಲಿನಲ್ಲಿಟ್ಟು ಪ್ರಿಂಟರ್‌ಗೆ ಕಳಿಸಲು, ಕಪ್ಸ್ (CUPS) ಎಂಬ ಪ್ರೋಗ್ರಾಮ್ ಇದೆ. ಆರು ವರ್ಷದಿಂದ ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಾನೇನೂ ಕೇಳಿ ಪಡೆದದ್ದಲ್ಲ. ಒಂದು ಸಲ ಸಿಕ್ಕಿಕೊಂಡ ಹಾಳೆ ಎಳೆದು ತೆಗೆದೆ, ಅಷ್ಟೇ. ಅವತ್ತಿನಿಂದ ನಾನು "ಪ್ರಿಂಟರ್‌ನವರು".

ಕಪ್ಸ್ ಹೊಸದೇನಲ್ಲ. ಮೈಕಲ್ ಸ್ವೀಟ್ ಎಂಬುವವರು 1997ರಲ್ಲಿ ಇದನ್ನು ಬರೆಯಲು ಶುರುಮಾಡಿದರು. 2002ರಲ್ಲಿ ಆಪಲ್ ತನ್ನ ಮ್ಯಾಕ್‌ನಲ್ಲಿ ಸೇರಿಸಿಕೊಂಡಿತು, 2007ರಲ್ಲಿ ಕೊಂಡೇಬಿಟ್ಟಿತು. ಹಾಗಾಗಿ ಮ್ಯಾಕ್‌ನಿಂದ ಪ್ರಿಂಟ್ ಕೊಡುವವರೂ ಹೆಸರು ಗೊತ್ತಿಲ್ಲದೆ ಇದನ್ನೇ ಬಳಸುತ್ತಾರೆ. ಈಗ ಲಿನಕ್ಸ್‌ನವರು ಬಳಸುವ ಆವೃತ್ತಿಯನ್ನು ಓಪನ್‌ಪ್ರಿಂಟಿಂಗ್ ಗುಂಪು ನೋಡಿಕೊಳ್ಳುತ್ತದೆ. ಬ್ರೌಸರ್‌ನಲ್ಲಿ ಸರ್ವರ್ ವಿಳಾಸದ ಕೊನೆಗೆ :631 ಅಂತ ಪೋರ್ಟ್ ಹಾಕಿದರೆ ಇದರ ಪುಟ ತೆರೆದುಕೊಳ್ಳುತ್ತದೆ. ನೋಡಲು ಹಳೇ ಕಾಲದ್ದು, ಆದರೆ ಬೇಕಾದದ್ದೆಲ್ಲ ಅಲ್ಲೇ ಇದೆ.

ಮೊದಲು ನನ್ನ ದೊಡ್ಡ ದೂರು ಹೇಳಿಬಿಡುತ್ತೇನೆ. ಏನಾದರೂ ಎಡವಟ್ಟಾದರೆ ಇದು ಕ್ಯೂವನ್ನೇ (ಪ್ರಿಂಟುಗಳು ಕಾಯುವ ಸಾಲನ್ನೇ) ನಿಲ್ಲಿಸಿ ಸುಮ್ನೆ ಕೂತುಬಿಡುತ್ತದೆ.

ಮೊದಲ ವರ್ಷದ ಒಂದು ದಿನ. ಮಧ್ಯದಲ್ಲಿ ಹಾಳೆ ಸಿಕ್ಕಿಕೊಂಡಿತು. ಯಾರೋ ಅದನ್ನು ಎಳೆದು ತೆಗೆದರು, ಜೊತೆಗೆ ಪ್ರಿಂಟರನ್ನು ಆಫ್ ಮಾಡಿ ಆನ್ ಮಾಡಿದರು. ಎಲ್ಲರೂ ಮಾಡುವುದೇ ಅದು, ಅಲ್ವಾ? ಆದರೆ ಕಪ್ಸ್ ಆಗ ಡೇಟಾ ಕಳಿಸುತ್ತಿತ್ತು. ಸಂಪರ್ಕ ತಟ್ಟನೆ ಕಡಿಯಿತು. ಪ್ರಿಂಟರ್‌ಗೆ ಡೇಟಾ ಕಳಿಸಲಾಗಲಿಲ್ಲ ಅಂತ, ನಡೆದದ್ದನ್ನೆಲ್ಲ ಬರೆದಿಡುವ ತನ್ನ ಲಾಗ್‌ನಲ್ಲಿ ಬರೆದುಕೊಂಡು ಕ್ಯೂ ನಿಲ್ಲಿಸಿತು. ಅತ್ತ ಪ್ರಿಂಟರ್ ಎದ್ದು ಕೂತು ಹಸಿರು ದೀಪ ತೋರಿಸುತ್ತಿದೆ. ಇತ್ತ ಜನ ಪ್ರಿಂಟ್ ಕೊಡುತ್ತಲೇ ಇದ್ದಾರೆ. ಕೊಟ್ಟ ಒಂದೊಂದು ಪ್ರಿಂಟಿಗೂ ಜಾಬ್ ಅಂತಾರೆ. ನಿಂತ ಕ್ಯೂ ಹೊಸ ಜಾಬ್‌ಗಳನ್ನು ಬೇಡ ಅನ್ನುವುದಿಲ್ಲ, ತೆಗೆದುಕೊಂಡು ಒಳಗಿಟ್ಟುಕೊಳ್ಳುತ್ತದೆ.

ನಾನು ಮಧ್ಯಾಹ್ನ ನೋಡಿದಾಗ 47 ಜಾಬ್ ಕಾಯುತ್ತಿದ್ದವು. ಖುಷಿಯಿಂದ ಕ್ಯೂ ಮತ್ತೆ ಶುರುಮಾಡಿದೆ. ಐದು ನಿಮಿಷದ ಮೇಲೆ ಗೊತ್ತಾಯಿತು, ಅದರಲ್ಲಿ 11 ಒಬ್ಬರದೇ, ಒಂದೇ ಫೈಲು, 30 ಪುಟದ ವರದಿ. ಬರಲಿಲ್ಲ ಅಂತ ಮತ್ತೆ ಮತ್ತೆ ಒತ್ತಿದ್ದಾರೆ, ಪಾಪ. ಟ್ರೇ ಖಾಲಿಯಾಯಿತು. ಮಾರನೇ ದಿನ ಆ ಹಾಳೆಗಳ ಹಿಂಬದಿ ಎಲ್ಲರ ಟೇಬಲ್ ಮೇಲೂ ರಫ್ ಪೇಪರ್ ಆಗಿತ್ತು.

ಅಲ್ಲಿಂದ ನನ್ನ ಕ್ರಮ ಬದಲಾಯಿತು. ಮೊದಲು ಎಲ್‌ಪಿಸ್ಟಾಟ್ ಕಮಾಂಡ್ ಹಾಕಿ ಯಾರದ್ದು ಎಷ್ಟು ಜಾಬ್ ಇದೆ ನೋಡುತ್ತೇನೆ. ಒಂದೇ ಸೈಜಿನವು ಸಾಲಾಗಿ ಕಂಡರೆ ಒಂದು ಉಳಿಸಿ ಉಳಿದದ್ದನ್ನು ಕ್ಯಾನ್ಸಲ್ ಮಾಡುತ್ತೇನೆ. ಆಮೇಲೆ ಕಪ್ಸ್‌ಎನೇಬಲ್ ಕಮಾಂಡಿನಿಂದ ಕ್ಯೂ ಮತ್ತೆ ಶುರು.

ಇದಕ್ಕೆ ನಿಜವಾದ ಮದ್ದು ಸೆಟ್ಟಿಂಗ್‌ನಲ್ಲೇ ಇದೆ. ಪ್ರಿಂಟ್ ಆಗದಿದ್ದರೆ ಏನು ಮಾಡಬೇಕು ಅಂತ ಹೇಳುವ ಎರರ್ ಪಾಲಿಸಿ ಅಂತ ಒಂದಿದೆ. ಮೂಲ ಕೈಪಿಡಿಯಲ್ಲಿ ಅದರ ಡೀಫಾಲ್ಟ್ ಸ್ಟಾಪ್-ಪ್ರಿಂಟರ್, ಅಂದರೆ ಕ್ಯೂ ನಿಲ್ಲಿಸು. ಅದನ್ನು ರೀಟ್ರೈ-ಜಾಬ್ ಮಾಡಿದರೆ 30 ಸೆಕೆಂಡಿಗೊಮ್ಮೆ ಮತ್ತೆ ಪ್ರಯತ್ನಿಸುತ್ತದೆ, 5 ಸಲ ಆಗದಿದ್ದರೆ ಆ ಒಂದು ಜಾಬ್ ಮಾತ್ರ ಕೈಬಿಡುತ್ತದೆ. ಈ ಅಂಕಿಗಳನ್ನೂ ಬೇಕಾದಂತೆ ಬದಲಾಯಿಸಬಹುದು. ವೆಬ್ ಪುಟದಲ್ಲಿ ಪ್ರಿಂಟರ್‌ನ ಡೀಫಾಲ್ಟ್ ಆಯ್ಕೆಗಳ ಒಳಗೆ, ಪಾಲಿಸಿಗಳ ಕೆಳಗೆ ಇದು ಸಿಗುತ್ತದೆ. ಇದೊಂದನ್ನು ಬದಲಾಯಿಸಿದ ಮೇಲೆ ನನಗೆ ಬರುವ ಫೋನ್ ಕಾಲ್ ಅರ್ಧಕ್ಕರ್ಧ ಕಡಿಮೆಯಾಯಿತು. ಚೆಕ್ ಪ್ರಿಂಟ್ ಮಾಡುವವರು ಮಾತ್ರ ಹಾಗೆ ಮಾಡಬೇಡಿ. ಅರ್ಧ ಬಂದ ಜಾಬ್ ಮೊದಲಿನಿಂದ ಶುರುವಾಗಿ ಒಂದೇ ಚೆಕ್ ಎರಡು ಸಲ ಬರಬಹುದು. ಅಂಥ ಕಡೆ ನಿಲ್ಲುವುದೇ ಸರಿ.

ವಿಂಡೋಸ್ ಕಂಪ್ಯೂಟರುಗಳಿಂದ ಪ್ರಿಂಟ್ ಕೊಡುವ ಕಡೆ ಇನ್ನೊಂದು ತಲೆನೋವು. ಅಲ್ಲಿ ಕ್ಯೂ ಎರಡು. ಒಂದು ಆ ಕಂಪ್ಯೂಟರ್‌ನೊಳಗೆ, ಇನ್ನೊಂದು ಸರ್ವರ್‌ನಲ್ಲಿ. ಜಾಬ್ ಯಾವುದರಲ್ಲಿ ಸಿಕ್ಕಿಕೊಂಡಿದೆ ಅಂತ ಮೊದಲು ನೋಡಬೇಕು. ನಾನು ಎಷ್ಟೋ ಸಲ ಸರ್ವರ್ ಮುಂದೆ ಅರ್ಧ ಗಂಟೆ ಕೂತು, ಕೊನೆಗೆ ಜಾಬ್ ಇಲ್ಲಿಗೆ ಬಂದೇ ಇಲ್ಲ ಅಂತ ಕಂಡುಕೊಂಡಿದ್ದೇನೆ. ಡಿಲೀಟ್ ಕೊಟ್ಟರೂ "ಡಿಲೀಟಿಂಗ್" ಅಂತಲೇ ತೋರಿಸುತ್ತಾ ಹೋಗದೆ ನಿಂತ ಜಾಬ್ ಇದ್ದರೆ, ಆ ಕಂಪ್ಯೂಟರ್‌ನಲ್ಲಿ ಅಲ್ಲಿನ ಕ್ಯೂ ನೋಡಿಕೊಳ್ಳುವ ಪ್ರಿಂಟ್ ಸ್ಪೂಲರ್ ಸರ್ವಿಸ್ ನಿಲ್ಲಿಸಿ. ಸಿಸ್ಟಂ32 ಫೋಲ್ಡರಿನೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಅಂತ ಫೋಲ್ಡರ್ ಇದೆ. ಅದರಲ್ಲಿರುವ ಫೈಲುಗಳನ್ನು ಅಳಿಸಿ, ಫೋಲ್ಡರನ್ನಲ್ಲ. ಆಮೇಲೆ ಸರ್ವಿಸ್ ಶುರುಮಾಡಿ. ಆ ಕಂಪ್ಯೂಟರ್‌ನಲ್ಲಿ ಕಾಯುತ್ತಿದ್ದ ಬೇರೆ ಜಾಬ್‌ಗಳೂ ಹೋಗುತ್ತವೆ, ಪಕ್ಕದವರಿಗೆ ಹೇಳಿ ಮಾಡಿ.

ಕಪ್ಸ್ ನನಗೆ ನಿಜವಾಗಿ ಇಷ್ಟವಾಗಿದ್ದು ಅದರ ಲಾಗ್‌ನಿಂದ. ಮುಖದ ಮೇಲೆ "ಫಿಲ್ಟರ್ ಫೇಲ್ಡ್" ಅಂತ ಎರಡು ಪದ ಬಿಟ್ಟರೆ ಏನೂ ಹೇಳುವುದಿಲ್ಲ. ಫಿಲ್ಟರ್ ಅಂದರೆ ಫೈಲನ್ನು ಪ್ರಿಂಟರ್‌ಗೆ ಅರ್ಥವಾಗುವ ರೂಪಕ್ಕೆ ತರುವ ಪ್ರೋಗ್ರಾಮ್. ಎರರ್ ಲಾಗ್ ತೆರೆದರೆ ಮಾತ್ರ ಎಲ್ಲ ಬಾಯಿಬಿಡುತ್ತದೆ. ಒಂದು ಪೋಸ್ಟರ್‌ನ ಪಿಡಿಎಫ್ ಯಾವಾಗ ಕೊಟ್ಟರೂ ಹೀಗೇ ಆಗುತ್ತಿತ್ತು. ಡ್ರೈವರ್ ಬದಲಾಯಿಸಿದೆ, ಪ್ರಿಂಟರ್ ತೆಗೆದು ಮತ್ತೆ ಸೇರಿಸಿದೆ. ಎರಡು ದಿನ ಹಾಳಾಯಿತು. ಕೊನೆಗೆ ಕಪ್ಸ್‌ಸಿಟಿಎಲ್ ಕಮಾಂಡಿನಿಂದ ಡೀಬಗ್ ಲಾಗಿಂಗ್ (ಎಲ್ಲವನ್ನೂ ವಿವರವಾಗಿ ಬರೆದಿಡುವುದು) ಹಾಕಿ, ಅದೇ ಫೈಲ್ ಇನ್ನೊಮ್ಮೆ ಕಳಿಸಿ, ಆ ಜಾಬ್ ನಂಬರ್ ಇರುವ ಸಾಲುಗಳನ್ನಷ್ಟೇ ಓದಿದೆ. ಪಿಡಿಎಫ್‌ನ್ನು ಚಿತ್ರವಾಗಿ ಮಾಡುವ ಫಿಲ್ಟರ್ "ಸಿಗ್ನಲ್ 9" ಬಿದ್ದು ಸತ್ತಿತ್ತು. ಹಾಗೆಂದರೆ ಹೊರಗಿನಿಂದ ಯಾರೋ ಕೊಂದಿದ್ದಾರೆ. ಕೊಂದದ್ದು ಲಿನಕ್ಸೇ, ಮೆಮೊರಿ ಸಾಲದೆ. ಆ ಡೆಸ್ಕ್‌ಟಾಪ್‌ನಲ್ಲಿ ಇದ್ದದ್ದು 2 ಜಿಬಿ. ಮೆಮೊರಿ ಹೆಚ್ಚಿಸಿದೆ, ಪೋಸ್ಟರ್ ಬಂತು. ಡ್ರೈವರ್‌ಗೆ ಸುಮ್ಮನೆ ಬೈದಿದ್ದೆ.

ಇಲ್ಲೊಂದು ಎಚ್ಚರಿಕೆ. ಮೂಲ ಸೆಟ್ಟಿಂಗ್‌ನಲ್ಲಿ ಲಾಗ್ 1 ಎಂಬಿ ಆದ ತಕ್ಷಣ ಹಳೆಯದನ್ನು ಪಕ್ಕಕ್ಕಿಟ್ಟು ಹೊಸದು ಶುರುಮಾಡುತ್ತದೆ. ಡೀಬಗ್ ಹಾಕಿದಾಗ 1 ಎಂಬಿ ಬೇಗ ತುಂಬುತ್ತದೆ, ಹುಡುಕುತ್ತಿದ್ದ ಸಾಲೇ ಹೋಗಿರುತ್ತದೆ. ಕೆಲಸ ಮುಗಿದ ಮೇಲೆ ಡೀಬಗ್ ತೆಗೆಯುವುದನ್ನೂ ಮರೆಯಬೇಡಿ.

ಎಲ್ಲ ಸರಿಯಿದ್ದೂ ಪ್ರಿಂಟ್ ಬರದ ಇನ್ನೊಂದು ಸಂದರ್ಭ ಇದೆ. ಟ್ರೇ ತುಂಬ ಹಾಳೆ, ಆದರೂ ಪ್ರಿಂಟರ್ ಹಾಳೆ ಹಾಕಿ ಅಂತ ಕಣ್ಣು ಮಿಟುಕಿಸುತ್ತದೆ. ಹೊರಗಿನಿಂದ ಬಂದ ಫೈಲ್ ಲೆಟರ್ ಸೈಜಿನಲ್ಲಿರುತ್ತದೆ, ನಮ್ಮಲ್ಲಿರುವುದು ಎ4. ಲೆಟರ್ ಹಾಳೆ ಎ4ಗಿಂತ 6 ಮಿಲಿಮೀಟರ್ ಅಗಲ, 18 ಮಿಲಿಮೀಟರ್ ಗಿಡ್ಡ. ಅಷ್ಟಕ್ಕೇ ಪ್ರಿಂಟರ್ ಹಠ ಹಿಡಿಯುತ್ತದೆ, ಹಿಂದಿರುವವರೆಲ್ಲ ಕಾಯಬೇಕು. ಪ್ರಿಂಟ್ ಕೊಡುವಾಗ ಪುಟಕ್ಕೆ ಹೊಂದಿಸು ಅನ್ನುವ ಆಯ್ಕೆ ಹಾಕಿದರೆ ಮುಗಿಯಿತು. ಆದರೆ ಯಾರು ಹಾಕುತ್ತಾರೆ?

ಪ್ರಿಂಟರ್‌ನ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಬದಲಾಗಿ ಅದು ಸರ್ವರ್‌ಗೆ ಸಿಗದಿರುವ ಸಮಸ್ಯೆಯಂತೂ ಎಲ್ಲರಿಗೂ ಗೊತ್ತಿರುತ್ತದೆ. ರೂಟರ್‌ನಲ್ಲಿ ಪ್ರಿಂಟರ್‌ಗೆ ಒಂದು ವಿಳಾಸ ಕಾಯ್ದಿರಿಸಿ, ಮುಂದಕ್ಕೆ ಹೋಗಿ.

ಚಿಕ್ಕದಾದರೂ ಚೆನ್ನಾಗಿ ಯೋಚಿಸಿ ಮಾಡಿದ ಒಂದು ಸಂಗತಿ: ಕ್ಯೂ ನಿಲ್ಲಿಸುವುದು ಬೇರೆ, ಹೊಸ ಜಾಬ್ ಬೇಡ ಅನ್ನುವುದು ಬೇರೆ. ಟೋನರ್ ಬದಲಾಯಿಸುವಾಗ ಕಪ್ಸ್‌ಡಿಸೇಬಲ್ ಹಾಕುತ್ತೇನೆ, ಜಾಬ್‌ಗಳು ಕಾಯುತ್ತವೆ. ಪ್ರಿಂಟರ್ ರಿಪೇರಿಗೆ ಹೋದರೆ ಕಪ್ಸ್‌ರಿಜೆಕ್ಟ್, ಕಾಯುತ್ತಿರುವುದನ್ನು ಎಲ್‌ಪಿಮೂವ್‌ನಿಂದ ಪಕ್ಕದ ಪ್ರಿಂಟರ್‌ಗೆ ಸಾಗಿಸುತ್ತೇನೆ. ಯಾರೂ ಮತ್ತೆ ಪ್ರಿಂಟ್ ಕೊಡಬೇಕಿಲ್ಲ. ಇದನ್ನು ಮಾಡಿದ ದಿನ ನನಗೆ ಸ್ವಲ್ಪ ಜಂಬ.

ಭದ್ರತೆ ವಿಷಯದಲ್ಲಿ ಒಂದು ಸಲ ಎದೆ ಧಸಕ್ಕೆಂದಿತ್ತು. 2024ರ ಸೆಪ್ಟೆಂಬರಿನಲ್ಲಿ ಕಪ್ಸ್-ಬ್ರೌಸ್ಡ್ ಎಂಬ ಜೊತೆಗಾರ ಪ್ರೋಗ್ರಾಮಿನಲ್ಲಿ ದೊಡ್ಡ ದೋಷ ಇದೆ ಅಂತ ಸುದ್ದಿ ಬಂತು. ಅದು ನೆಟ್‌ವರ್ಕ್‌ನ ಯುಡಿಪಿ 631 ಪೋರ್ಟ್‌ನಲ್ಲಿ ಯಾರು ಏನು ಹೇಳಿದರೂ ಕೇಳಿಸಿಕೊಳ್ಳುತ್ತಿತ್ತು. ನೆಟ್‌ವರ್ಕ್‌ನಲ್ಲಿರುವ ಪ್ರಿಂಟರ್‌ಗಳನ್ನು ತಾನಾಗಿ ಹುಡುಕಿ ಸೇರಿಸುವುದು ಅದರ ಕೆಲಸ. ನಮ್ಮ ಮೂರನ್ನೂ ನಾನು ಕೈಯಾರೆ ಸೇರಿಸಿದ್ದೆ. ಆ ಸರ್ವಿಸ್ ನಿಲ್ಲಿಸಿದೆ, ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ನಿಮಗೂ ಬೇಡದಿದ್ದರೆ ನಿಲ್ಲಿಸಿಬಿಡಿ. 631 ಪೋರ್ಟ್ ಹೊರಗಿನ ಇಂಟರ್ನೆಟ್‌ಗೆ ತೆರೆದಿರಲೇಬಾರದು.

ಕಪ್ಸ್‌ಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆಯಾಗಿದ್ದು ಆ ಸ್ಟಾಪ್-ಪ್ರಿಂಟರ್ ಡೀಫಾಲ್ಟ್‌ಗೆ, ಮತ್ತೆ ಎರಡು ಪದದ ಎರರ್‌ಗಳಿಗೆ.

ಮುಂದಿನ 3.0 ಆವೃತ್ತಿಯಲ್ಲಿ ಪಿಪಿಡಿ ಫೈಲ್ (ಪ್ರಿಂಟರ್ ಏನೇನು ಮಾಡಬಲ್ಲದು ಅಂತ ವಿವರಿಸುವ ಫೈಲ್) ಬಳಸುವ ಹಳೆ ಡ್ರೈವರ್‌ಗಳಿಗೆ ಜಾಗ ಇಲ್ಲ. ಡ್ರೈವರ್ ಇಲ್ಲದೆ ಕೆಲಸ ಮಾಡುವ ಹೊಸ ಪ್ರಿಂಟರ್‌ಗಳಿಗೆ ಅದರಿಂದ ಏನೂ ಆಗುವುದಿಲ್ಲ. ನಮ್ಮ ಮೂರರಲ್ಲಿ ಎರಡು ಹಾಗಿನವೇ. ಮೂರನೆಯದು ಹಳೆ ಲೇಸರ್, ಅದಕ್ಕೆ ಪಿಪಿಡಿ ಬೇಕೇ ಬೇಕು. ಆರು ವರ್ಷದಲ್ಲಿ ಅತಿ ಕಡಿಮೆ ಕಾಟ ಕೊಟ್ಟದ್ದೂ ಅದೇ. ಅದಕ್ಕಾಗಿ ಹಳೆ ಪ್ರಿಂಟರನ್ನು ಡ್ರೈವರ್ ಬೇಡದ ಹೊಸ ಪ್ರಿಂಟರ್‌ನಂತೆ ತೋರಿಸುವ ಪ್ರಿಂಟರ್ ಅಪ್ಲಿಕೇಶನ್ ಅನ್ನುವ ಹೊಸ ವ್ಯವಸ್ಥೆಯನ್ನು ಬೇರೊಂದು ಕಂಪ್ಯೂಟರ್‌ನಲ್ಲಿ ಹಾಕಿ ನೋಡುತ್ತಿದ್ದೇನೆ. ಮೊದಲ ಟೆಸ್ಟ್ ಪುಟ ಬಂದಿದೆ, ಎಡಗಡೆ ಅಂಚು ಮಾತ್ರ ಸ್ವಲ್ಪ ಕತ್ತರಿಸಿಹೋಗಿದೆ.